ಬೆರಳಲ್ಲಿ ಹಿಡಿದುಕೊಂಡ ಬೂಟು

ಒಂದು ನಿಮಿಷ ತಾಳಿ. ಹೊಸ ಕೆಲಸ ಸಿಕ್ಕಿದೆ, ಕಪ್ಪು ಬೂಟು ಬೇಕು ಎಂದು ನೀವು ಅಂಗಡಿಗೆ ಹೊರಟು ನಿಂತಿದ್ದರೆ, ಗಾಡಿಯ ಕೀಲಿಯನ್ನು ಮತ್ತೆ ಮೊಳೆಗೆ ತೂಗುಹಾಕಿ ಇದನ್ನು ಓದಿ ಮುಗಿಸುವವರೆಗೆ ಕಾಯಿರಿ. ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ಕಾಯಲಿಲ್ಲ, ಅದಕ್ಕೇ ನನ್ನ ಎರಡೂ ಹೆಬ್ಬೆರಳಿನ ಉಗುರು ಕಪ್ಪಾದವು, ಇದ್ದ ಕೆಲಸವೂ ಹೋಗುವ ಹಾಗಾಗಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಬೂಟು ಹೊಲಿಯುವುದನ್ನು ಕಲಿತವನೂ ಅಲ್ಲ. ನನಗೆ ಗೊತ್ತಿರುವುದರಲ್ಲಿ ಅರ್ಧ ನನ್ನ ಕಾಲು ಕಲಿಸಿದ್ದು, ಇನ್ನರ್ಧ ರಾತ್ರಿ ಊಟ ಮಾಡುತ್ತ ಫೋನಿನಲ್ಲಿ ನೋಡಿದ್ದು. ಸಕ್ಕರೆ ಕಾಯಿಲೆ ಇದ್ದವರು, ಪಾದ ಜುಮ್ಮೆನ್ನುವವರು ನನ್ನ ಮಾತು ಕೇಳಿ ಏನನ್ನೂ ಮಾಡಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ಡಾಕ್ಟರು ಹೇಗಿರುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ದಿನಾ ಅವರ ಬಾಗಿಲಲ್ಲಿ ನಿಲ್ಲುವುದೇ ನನ್ನ ಕೆಲಸ.

ನಾನು ಔಷಧಿ ಕಂಪನಿಯೊಂದರ ರೆಪ್. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕು ನನ್ನ ಪಾಲಿಗೆ. ಕಂಪನಿಯ ಚೀಲ ಹೆಗಲಿಗೆ ಹಾಕಿಕೊಂಡು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಬೈಕಿನಲ್ಲಿ ತಿರುಗಬೇಕು, ರೋಗಿಗಳೆಲ್ಲ ಮುಗಿಯುವವರೆಗೆ ನಿಲ್ಲಬೇಕು, ಆಮೇಲೆ ಒಳಗೆ ಹೋಗಿ ನಮ್ಮ ಮಾತ್ರೆಯ ಬಗ್ಗೆ ಎರಡು ಮಾತು ಹೇಳಿ ಬರಬೇಕು. ಕೆಲಸದಲ್ಲಿ ಮಾತಿಗಿಂತ ನಿಲ್ಲುವುದೇ ಹೆಚ್ಚು. ಇಸ್ತ್ರಿ ಮಾಡಿದ ಅಂಗಿ, ಒಳಗೆ ಸೇರಿಸಿದ ಅಂಗಿಯ ಅಂಚು, ಕಪ್ಪು ಫಾರ್ಮಲ್ ಬೂಟು, ಇದರಲ್ಲಿ ಒಂದು ತಪ್ಪಿದರೂ ಕಂಪನಿಗೆ ಆಗುವುದಿಲ್ಲ. ಅದೂ ಮೊದಲ ಆರು ತಿಂಗಳು ಪ್ರೊಬೇಷನ್. ಆಮೇಲೆ ಮ್ಯಾನೇಜರ್ ಒಂದು ದಿನ ನಮ್ಮ ಜತೆ ತಿರುಗಿ ನೋಡಿ, ಇವನನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಹೇಳುತ್ತಾರೆ.

ಹೊನ್ನಾವರದ ಪಕ್ಕದ ಕಾಸರಕೋಡಿನ ನಮ್ಮ ಮನೆಯಲ್ಲಿ ನನಗಿಂತ ಮೊದಲು ಬೂಟು ಹಾಕಿ ಕೆಲಸಕ್ಕೆ ಹೋದವರು ಯಾರೂ ಇಲ್ಲ. ಅಪ್ಪ ಬೋಟಿಗೆ ಹೋಗುವವರು. ಬೋಟಿನ ಮೇಲೆ ಬರಿಗಾಲು, ದಡದ ಮರಳಿನಲ್ಲಿ ಬರಿಗಾಲು, ಹೊನ್ನಾವರ ಪೇಟೆಗೆ ಹೊರಟರೆ ರಬ್ಬರ್ ಚಪ್ಪಲಿ. ನಾನೂ ಹಾಗೇ ಬೆಳೆದೆ. ಶಾಲೆಯಲ್ಲಿ ಕೊಟ್ಟ ಬೂಟು ಪ್ರಾರ್ಥನೆ ಮುಗಿಯುವವರೆಗೆ ಕಾಲಲ್ಲಿರುತ್ತಿತ್ತು, ಆಮೇಲೆ ಚೀಲದಲ್ಲಿ. ಹಾಗಾಗಿ ನನ್ನ ಪಾದ ಹಿಮ್ಮಡಿಯ ಕಡೆ ಸಣ್ಣಗೆ ಶುರುವಾಗಿ ಬೆರಳಿನ ಕಡೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿದೆ. ಇದು ನನಗೆ ಆಗ ಗೊತ್ತಿರಲಿಲ್ಲ. ತನ್ನ ಪಾದವನ್ನು ಯಾರು ಕುಳಿತು ನೋಡಿಕೊಳ್ಳುತ್ತಾರೆ?

ಕೆಲಸ ಸಿಕ್ಕಿದ ವಾರ ಪಕ್ಕದ ಮನೆಯವರು ಕೇಳಿದಾಗ ಅಪ್ಪ ಹೇಳಿದ್ದು ಇಷ್ಟೇ: "ನಾ ಬೋಟಿಗೆ ಹೋದೆ, ಮಗ ಬೂಟಿಗೆ ಹೋದ."

ಮೊದಲನೆಯದನ್ನು ಕುಮಟೆಯಲ್ಲಿ ತೆಗೆದುಕೊಂಡೆ. ತಣ್ಣಗಿನ ಅಂಗಡಿ, ಕೆಳಗೆ ಮೆತ್ತನೆಯ ಚಾಪೆ, ಮುಂದೆ ಮೊಳಕಾಲೆತ್ತರದ ಕನ್ನಡಿ. ನನ್ನ ಚಪ್ಪಲಿ ನಂಬರ್ ಎಂಟು, ಬೂಟೂ ಎಂಟೇ ಕೊಟ್ಟರು. ಮುಂದುಗಡೆ ಚೂಪಾದ, ಲೇಸು ಕಟ್ಟುವ ಬೂಟು. ಹಾಕಿ ನಿಂತ ಕೂಡಲೇ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತು.

"ಇಲ್ಲಿ ಒತ್ತುತ್ತದಲ್ಲ," ಎಂದೆ.

"ಹೊಸದಲ್ವಾ," ಅಂದರು ಅಂಗಡಿಯವರು. "ಹಾಕ್ತಾ ಹಾಕ್ತಾ ಸರಿ ಆಗ್ತದೆ."

ಈ ಮಾತಿನ ಮೇಲೆ ನನಗೆ ಆಗಲೇ ಅನುಮಾನ ಬರಬೇಕಿತ್ತು. ಸರಿ ಆಗುವುದು ಯಾವುದು, ಬೂಟೋ ಕಾಲೋ? ಯಾರೂ ಬಿಡಿಸಿ ಹೇಳುವುದಿಲ್ಲ. ಎಷ್ಟು ದಿನದಲ್ಲಿ ಎಂದೂ ಹೇಳುವುದಿಲ್ಲ. ಆ ಚಾಪೆಯ ಮೇಲೂ ನನಗೆ ಈಗ ಅನುಮಾನವಿದೆ. ಅಷ್ಟು ಮೆತ್ತನೆಯ ಚಾಪೆಯ ಮೇಲೆ ಕಲ್ಲಿನ ಬೂಟು ಹಾಕಿದರೂ ಹಾಯೆನಿಸುತ್ತದೆ. ನಾನು ನಿಲ್ಲುವುದು ಚಾಪೆಯ ಮೇಲಲ್ಲವಲ್ಲ, ಕ್ಲಿನಿಕ್ಕಿನ ಸಿಮೆಂಟಿನ ಮೇಲೆ.

ಅಲ್ಲಿ ಇನ್ನೊಂದು ಸಂಗತಿ ಇದೆ, ಹೊರಗಿನವರಿಗೆ ವಿಚಿತ್ರ ಅನಿಸಬಹುದು. ನಮ್ಮ ಕಡೆ ಹೆಚ್ಚಿನ ಕ್ಲಿನಿಕ್ಕಿನ ಬಾಗಿಲಲ್ಲಿ ಒಂದು ಬೋರ್ಡು ಇರುತ್ತದೆ: ಪಾದರಕ್ಷೆ ಹೊರಗೆ ಬಿಡಿ. ಅಂದರೆ ಕಂಪನಿ ಹೇಳುವುದು ಬೂಟು ಹಾಕದೆ ಡಾಕ್ಟರ ಮುಂದೆ ಹೋಗಬೇಡ ಎಂದು, ಡಾಕ್ಟರ ಬಾಗಿಲು ಹೇಳುವುದು ಬೂಟು ಹಾಕಿಕೊಂಡು ಒಳಗೆ ಬರಬೇಡ ಎಂದು. ಇಡೀ ದಿನ ಬೂಟು ಹೊತ್ತು ತಿರುಗಿ, ತೋರಿಸಬೇಕಾದವರ ಮುಂದೆ ಕಾಲುಚೀಲದಲ್ಲಿ ನಿಲ್ಲುವ ಕೆಲಸ ನಮ್ಮದು.

ಹೀಗಾಗಿ ಲೇಸು ಬಿಚ್ಚುವುದು, ಕಟ್ಟುವುದು. ಬಗ್ಗಿ ಬಿಚ್ಚುವಷ್ಟರಲ್ಲಿ ಬೇರೆ ಕಂಪನಿಯವನು ಚಪ್ಪಲಿ ಬಿಟ್ಟ ಹಾಗೆ ಬೂಟು ಕಳಚಿ ಒಳಗೆ ಹೋಗಿ ಬೆಂಚಿನಲ್ಲಿ ಕೂತಿರುತ್ತಾನೆ. ಎರಡನೆಯ ವಾರಕ್ಕೆ ನಾನೂ ಉಪಾಯ ಕಂಡುಕೊಂಡೆ. ಲೇಸನ್ನು ಬೆಳಿಗ್ಗೆ ಒಮ್ಮೆ ಸಡಿಲವಾಗಿ ಕಟ್ಟಿಬಿಡುವುದು, ಆಮೇಲೆ ಬಿಚ್ಚದೆ ಹಾಗೇ ಕಾಲು ತೂರಿಸುವುದು, ಎಳೆಯುವುದು. ಈ ಉಪಾಯ ನನ್ನದೇ ಎಂದು ಆಗ ಹೆಮ್ಮೆ ಇತ್ತು.

ನೋವು ಮಾತ್ರ ಹೆಚ್ಚಾಯಿತು. ಸಂಜೆ ಮನೆಗೆ ಬಂದು ಕಾಲುಚೀಲ ತೆಗೆದರೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಕೆಂಪಾಗಿರುತ್ತಿದ್ದವು. ಅಮ್ಮ ತೆಂಗಿನೆಣ್ಣೆ ಬಿಸಿ ಮಾಡಿ ತಂದಿಟ್ಟು ನೋಡಿದಳು.

"ಎಂತ ಆತು ಇದು? ಔಷಧಿ ಮಾರೂಕೆ ಹೋದವ್ನಾ, ಕಲ್ಲು ಒಡೂಕೆ ಹೋದವ್ನಾ?"

"ಹೊಸ ಬೂಟು ಅಮ್ಮ, ಸರಿ ಆಗ್ತದೆ."

"ಯಾರು ಹೇಳಿದ್ದು?"

"ಅಂಗಡಿಯವ್ರು."

"ಅವ್ರ ಕಾಲಲ್ಲಿ ಎಂತ ಇತ್ತು?"

ನಾನು ನೆನಪು ಮಾಡಿಕೊಂಡೆ. ಚಪ್ಪಲಿ ಇತ್ತು.

ಬೂಟು ಸಣ್ಣದಾಯಿತು ಎಂದು ನಾನೇ ತೀರ್ಮಾನ ಮಾಡಿದೆ. ನೋಯುತ್ತದೆ ಅಂದರೆ ಸಣ್ಣದು, ಸಣ್ಣದಾದರೆ ದೊಡ್ಡದು ತೆಗೆದುಕೊಳ್ಳಬೇಕು, ಇಷ್ಟು ಸರಳ. ಭಟ್ಕಳದ ಕಡೆ ಹೋದ ದಿನ ಅಲ್ಲಿಯ ಪೇಟೆಯಲ್ಲಿ ಒಂದು ಅಂಗಡಿಗೆ ಹೊಕ್ಕೆ. ದುಬೈ ಮಾಲು ಇದೆ ಎಂದು ಯಾರೋ ಹೇಳಿದ್ದರು. ಈ ದುಬೈ ಮಾಲು ನಿಜವಾಗಿ ದುಬೈಯಿಂದ ಬಂದದ್ದೋ, ಬರೇ ಡಬ್ಬ ಅಲ್ಲಿಯದೋ, ಅದೂ ನನಗೊಂದು ಅನುಮಾನ. ಡಬ್ಬದ ಮೇಲೆ ನಲವತ್ತೆರಡು, ನಲವತ್ಮೂರು ಎಂದು ಬೇರೆಯದೇ ಲೆಕ್ಕ. ಲೇಸಿಲ್ಲದ, ಸುಮ್ಮನೆ ಕಾಲು ತೂರಿಸುವ ಒಂದು ಜತೆಯನ್ನು ಕೈಗೆತ್ತಿಕೊಂಡೆ.

ಅಂಗಡಿಯ ಯಜಮಾನರು ಗಡ್ಡ ನೆರೆತವರು, ಮೃದುವಾಗಿ ಮಾತಾಡುವವರು. ನನ್ನ ಪಾದ ನೋಡಿ ಪಕ್ಕದಲ್ಲಿ ಕೂತಿದ್ದ ಗೆಳೆಯನ ಹತ್ತಿರ ಕೊಂಕಣಿಯನ್ನು ಹೋಲುವ ತಮ್ಮ ನವಾಯತಿ ಮಾತಿನಲ್ಲಿ ಏನೋ ಹೇಳಿದರು. ಇಬ್ಬರೂ ಮತ್ತೊಮ್ಮೆ ನನ್ನ ಪಾದ ನೋಡಿದರು. ಕೇರಿಯಲ್ಲಿ ಕೊಂಕಣಿ ಕೇಳಿ ಬೆಳೆದವನಾದ್ದರಿಂದ 'ಪಾಯ್' ಅಂದರೆ ಕಾಲು ಎಂಬಷ್ಟು ಹಿಡಿದುಕೊಂಡೆ, ಉಳಿದದ್ದು ಜಾರಿತು. ನನ್ನ ಕಾಲಿನ ಬಗ್ಗೆ ತಮಾಷೆ ಮಾಡುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಬಿಗಿದುಕೊಂಡೆ.

"ನಿಮ್ಗೆ ಲೇಸಿಂದು ಕೊಡ್ತೇನೆ, ಭಾಯ್," ಅಂದರು. "ಮುಂದೆ ಅಗಲ ಇದ್ದದ್ದು. ಈ ಸ್ಲಿಪ್ಪಾನ್ ನಿಮ್ಮ ಕಾಲಿಗೆ ನಿಲ್ಲೂದಿಲ್ಲ."

ಅವರು ತೋರಿಸಿದ್ದು ನಾನು ಕೈಯಲ್ಲಿ ಹಿಡಿದದ್ದಕ್ಕಿಂತ ದುಬಾರಿ. ಆಹಾ, ಇದಕ್ಕೇ ಅಲ್ಲವೇ, ಎಂದುಕೊಂಡೆ. "ಬೇಡ, ಲೇಸಿನದು ಬೇಡವೇ ಬೇಡ, ಇದೇ ಇರಲಿ, ಇನ್ನೊಂದು ನಂಬರ್ ದೊಡ್ಡದು ಕೊಡಿ," ಎಂದೆ.

"ದೊಡ್ಡದಾ?"

"ದೊಡ್ಡದು."

ಅವರು ಗೆಳೆಯನ ಮುಖ ನೋಡಿದರು, ಗೆಳೆಯ ಫ್ಯಾನ್ ನೋಡಿದ. "ನಿಮ್ಮ ಮರ್ಜಿ," ಅಂದರು. ನಮ್ಮ ಲೆಕ್ಕದಲ್ಲಿ ಒಂಬತ್ತನೆಯ ನಂಬರಿನ, ಲೇಸಿಲ್ಲದ, ಮುಂದುಗಡೆ ಮೊದಲಿನದಕ್ಕಿಂತ ಸ್ವಲ್ಪ ಉರುಟಾದ ಬೂಟು ನನ್ನದಾಯಿತು. ಅಂಗಡಿಯವರು ನಿಜ ಹೇಳಿದಾಗ ಅನುಮಾನಪಟ್ಟು, ಸುಳ್ಳು ಹೇಳಿದಾಗ ನಂಬುವ ಈ ಚಾಳಿ ನನಗೊಬ್ಬನಿಗೇ ಇರುವುದೋ ಗೊತ್ತಿಲ್ಲ.

ಮೊದಲ ಎರಡು ದಿನ ಸ್ವರ್ಗ. ಕಾಲು ತೂರಿಸಿದರೆ ಒಳಗೆ, ಎಳೆದರೆ ಹೊರಗೆ. ಬೆಂಚಿನ ಮೇಲೆ ಜಾಗ ಮೊದಲು ನನಗೇ. ಮೂರನೆಯ ದಿನ ನೋವು ಬೇರೆ ಕಡೆಯಿಂದ ಬಂತು. ಪಕ್ಕದಲ್ಲಲ್ಲ, ಬೆರಳಿನ ಅಡಿಯಲ್ಲಿ, ಅಂಗಾಲಿನ ಉಬ್ಬಿನಲ್ಲಿ, ಮೀನಖಂಡದಲ್ಲಿ ಕೂಡ. ಇಷ್ಟು ದೊಡ್ಡ ಬೂಟಿನಲ್ಲಿ ಬೆರಳಿಗೆ ಏನು ಒತ್ತುತ್ತಿದೆ? ಕೈ ಹಾಕಿ ಒಳಗೆಲ್ಲ ತಡವಿದೆ, ಮೊಳೆ ಇಲ್ಲ, ಕಲ್ಲಿಲ್ಲ. ಫೋನಿನಲ್ಲಿ ಹುಡುಕಿ ಮೆತ್ತನೆಯ ಇನ್‌ಸೋಲ್ ತರಿಸಿ ಒಳಗೆ ಹಾಸಿದೆ. ಫೋನಿನಲ್ಲಿ ಅದರ ಚಿತ್ರದ ಕೆಳಗೆ ಬರೆದಿದ್ದ ಹೊಗಳಿಕೆಗಳೆಲ್ಲ ಒಬ್ಬನೇ ಕೂತು ಬರೆದ ಹಾಗಿತ್ತು, ಎಲ್ಲರಿಗೂ 'ಮೋಡದ ಮೇಲೆ ನಡೆದಂತೆ' ಆಗಿತ್ತು. ನನಗೆ ಮೋಡ ಸಿಗಲಿಲ್ಲ. ಎರಡೂ ಹೆಬ್ಬೆರಳಿನ ಉಗುರು ನೀಲಿ ತಿರುಗಿ ಕಪ್ಪಾದವು.

ಕೊನೆಗೆ, ಪ್ರೊಬೇಷನ್ನಿನ ಆರನೆಯ ತಿಂಗಳಲ್ಲಿ, ಕುಮಟೆಯ ಒಬ್ಬ ಡಾಕ್ಟರ ಎದುರು ನಮ್ಮ ನೋವಿನ ಮಾತ್ರೆಯ ಗುಣಗಾನ ಮಾಡುತ್ತ ನಾನೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದೆ. ಅವರು ಮೇಜಿನ ಆಚೆಯಿಂದ ಬಗ್ಗಿ ನೋಡಿದರು.

"ನಿಮ್ಮ ಮಾತ್ರೆ ನೀವೇ ತಗೊಳ್ಳೋದಿಲ್ವಾ?" ಎಂದು ಕೇಳಿ, ಕಾಲುಚೀಲ ತೆಗೆಸಿ ಉಗುರು ನೋಡಿದರು. "ಮುರಿದಿಲ್ಲ. ಎರಡು ದಿನ ಚಪ್ಪಲಿ ಹಾಕಿ. ಬೂಟು ಬದಲಾಯಿಸಿ."

ನಾನು ಎರಡು ದಿನ ಚಪ್ಪಲಿ ಹಾಕಿದೆ. ಡಾಕ್ಟರೇ ಹೇಳಿದ ಮೇಲೆ ಇನ್ನೇನು? ಆದರೆ ಅದರ ಮರುದಿನ ಹುಬ್ಬಳ್ಳಿಯಿಂದ ಮ್ಯಾನೇಜರ ಫೋನು ಬಂತು.

"ಏನಪಾ, ಕುಮಟಾದಾಗ ಚಪ್ಪಲಿ ಹಾಕ್ಕೊಂಡು ಅಡ್ಡಾಡಾಕತ್ತೀಯಂತ?"

"ಸರ್, ಅದು ಕಾಲು ನೋವು..."

"ಕಾಲು ನೋವು ಇದ್ದವಗ ಈ ಕೆಲಸ ಆಗಂಗಿಲ್ಲ. ಮುಂದಿನ ವಾರ ನಾ ಬರ್ತೀನಿ. ಮೂರೂ ಊರು ಕೂಡಿ ತಿರುಗೂಣು. ಆಮ್ಯಾಲೆ ನಿಂದು ಕನ್ಫರ್ಮ್ ಮಾಡೂದೋ ಬಿಡೂದೋ ನೋಡೂಣು."

ಅಂದರೆ ನನಗಿದ್ದದ್ದು ಒಂದು ವಾರ. ಅಷ್ಟರೊಳಗೆ ಇಡೀ ದಿನ ಬೂಟಿನಲ್ಲಿ ಕುಂಟದೆ ನಡೆಯಬೇಕು, ಇಲ್ಲವಾದರೆ ಮನೆಗೆ.

ಆದರೆ ಅವತ್ತು ನನ್ನ ತಲೆ ತುಂಬಿದ್ದು ಬೂಟಲ್ಲ. ಹೇಳಿದವರು ಯಾರು? ಹುಬ್ಬಳ್ಳಿಯಲ್ಲಿ ಕೂತವರಿಗೆ ಕುಮಟೆಯಲ್ಲಿ ನನ್ನ ಕಾಲಲ್ಲಿ ಏನಿತ್ತು ಎಂದು ಹೇಗೆ ಗೊತ್ತಾಯಿತು? ಕ್ಲಿನಿಕ್ಕಿನ ಸಿಸ್ಟರ್ ಇರಬಹುದೇ? ಚಹಾದಂಗಡಿಯವನೇ? ಒಬ್ಬೊಬ್ಬರನ್ನೇ ಮನಸ್ಸಿನಲ್ಲೇ ಕೈಬಿಡುತ್ತ ಬಂದೆ. ಕೊನೆಗೆ ಉಳಿದದ್ದು ಒಬ್ಬರು.

ಅವರು ಬೇರೆ ಕಂಪನಿಯ ರೆಪ್, ಕುಮಟೆ ಹತ್ತಿರದ ಕಾಗಾಲದವರು, ನನಗಿಂತ ಸುಮಾರು ಹಿರಿಯರು. ನಾನು ಅಣ್ಣ ಎಂದು ಕರೆಯುತ್ತಿದ್ದೆ. ಈ ಮೂರು ಊರಿನ ಕ್ಲಿನಿಕ್ಕುಗಳಲ್ಲಿ ಅವರು ಬೂಟು ಬಿಡದ ಮೆಟ್ಟಿಲಿಲ್ಲ. ಕುಂಟಿದ್ದನ್ನು ಯಾರೂ ನೋಡಿಲ್ಲ. ಆ ಎರಡು ದಿನವೂ ಅವರು ಕುಮಟೆಯಲ್ಲಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಹಿಂದಿನದನ್ನೆಲ್ಲ ನೆನೆದು ನೋಡಿದರೆ, ಮೊದಲ ದಿನದಿಂದಲೂ ನನ್ನ ಕಾಲನ್ನೇ ನೋಡಿದ್ದಾರೆ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು? ನಾನು ಅವರ ಜತೆ ಮಾತು ಕಡಿಮೆ ಮಾಡಿದೆ. ಚಹಾಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಎಂದೆ.

ಆ ವಾರವೇ ಹೊನ್ನಾವರದಲ್ಲಿ ಒಂದು ಸಂಜೆ. ಮಳೆ ಜೋರಾಗಿತ್ತು, ಕರೆಂಟು ಹೋಗಿತ್ತು. ಕ್ಲಿನಿಕ್ಕಿನ ಒಳಗೆ ಇನ್ವರ್ಟರಿನ ಒಂದೇ ದೀಪ, ಹೊರಗಿನ ಜಗುಲಿ ಪೂರ್ತಿ ಕತ್ತಲೆ. ಕಾಗಾಲದ ಅಣ್ಣ ನನಗಿಂತ ಮೊದಲು ಡಾಕ್ಟರನ್ನು ನೋಡಿ, ಕುಮಟೆ ಮುಟ್ಟಬೇಕು ಎಂದು ರೇನ್‌ಕೋಟು ತೊಟ್ಟು ಅವಸರದಲ್ಲಿ ಹೋದರು. ಉಳಿದ ರೋಗಿಗಳೆಲ್ಲ ಮುಗಿಯುವಾಗ ಇನ್ನೊಂದು ಗಂಟೆ ಕಳೆದಿತ್ತು, ಕೊನೆಯವನು ನಾನು. ಹೊರಗೆ ಬಂದು ಫೋನಿನ ಬೆಳಕು ಹಾಯಿಸಿದರೆ ಜಗುಲಿಯಲ್ಲಿ ಒಂದೇ ಜತೆ ಬೂಟು. ಕಪ್ಪು. ನನ್ನದಲ್ಲ.

ಲೇಸಿನ ಬೂಟು. ಎತ್ತಿ ಅಡಿಭಾಗ ನೋಡಿದೆ. ನಂಬರ್ ಎಂಟು.

ಮ್ಯಾನೇಜರ್ ಬರುವುದು ನಾಡಿದ್ದು. ನನಗೆ ಇದ್ದ ಒಂದೇ ಹಾಕುವಂಥ ಬೂಟು ಹೋಗಿತ್ತು. ತೆಗೆದುಕೊಂಡು ಹೋದವರು ಯಾರು ಎಂದು ಕೇಳುವುದೇ ಬೇಡ. ಮೊದಲು ದೂರು ಹೇಳಿದರು, ಈಗ ಬೂಟೇ ಮಾಯ ಮಾಡಿದರು. ಒಂಬತ್ತೇ ನೋಯುತ್ತಿದೆ, ಎಂಟು ಬಿಟ್ಟು ಹೋಗಿದ್ದಾರೆ, ಹಾಕಿಕೊಳ್ಳಲಿ ನೋಡೋಣ ಎಂದು. ಬಾಗಿಲು ಹಾಕಲು ಬಂದ ಸಿಸ್ಟರ್ ನಾನು ಬೂಟು ಕೈಯಲ್ಲಿ ಹಿಡಿದು ಗುರಾಯಿಸುವುದನ್ನು ನೋಡಿ ಹೇಳಿದರು, "ಎಂತಕ್ಕೆ ಅದ್ರ ಜತೆ ಜಗಳ? ಹಾಕ್ಕೊಂಡು ಹೋಗಿ. ಬರಿಗಾಲಲ್ಲಿ ಗೇರ್ ಹಾಕೂಕೆ ಆಗ್ತದಾ?"

ಕಾಲು ಒಳಗೆ ಹೋಗುವುದಿಲ್ಲ ಎಂದುಕೊಂಡೇ ತೂರಿಸಿದೆ. ಲೇಸು ಬಿಚ್ಚದೆ. ಲೇಸು ತಾನಾಗಿ ಹಿಗ್ಗಿತು, ಕಾಲು ಒಳಗೆ ಹೋಯಿತು, ಲೇಸು ಮತ್ತೆ ಬಿಗಿಯಾಗಿ ಪಾದದ ಮೇಲ್ಭಾಗವನ್ನು ಹಿಡಿದುಕೊಂಡಿತು. ಎದ್ದು ನಿಂತೆ. ಜಗುಲಿಯ ಸಿಮೆಂಟಿನ ಮೇಲೆ ಆಚೆ ಈಚೆ ನಡೆದೆ. ನೋವಿಲ್ಲ.

ನೋವಿಲ್ಲದ್ದಕ್ಕೆ ನನಗಾದದ್ದು ಖುಷಿಯಲ್ಲ, ಗಾಬರಿ. ಇದರಲ್ಲಿ ಏನಿದೆ? ಮತ್ತೆ ತೆಗೆದು ಫೋನಿನ ಬೆಳಕಿನಲ್ಲಿ ನೋಡಿದೆ. ಲೇಸು ಅಂದುಕೊಂಡದ್ದು ಲೇಸಾಗಿರಲಿಲ್ಲ. ಟೇಲರುಗಳು ಸೊಂಟಕ್ಕೆ ಹಾಕುವ ಇಲಾಸ್ಟಿಕ್ಕು, ಕಪ್ಪು ಬಣ್ಣದ ಉರುಟು ದಾರದಂಥದ್ದು. ತೂತಿನಿಂದ ತೂತಿಗೆ ಲೇಸಿನ ಹಾಗೇ ಹೆಣೆದು, ತುದಿಯನ್ನು ಒಳಗಡೆ ಕಾಣದ ಹಾಗೆ ಗಂಟು ಹಾಕಿದ್ದರು. ಮುಂದುಗಡೆ ಬೂಟು ಅಗಲವಾಗಿ, ಉರುಟಾಗಿತ್ತು.

ಅಷ್ಟರಲ್ಲಿ ಫೋನು ಬಂತು. ಅವರದೇ.

"ತಮಾ, ನೀ ಹಾಕ್ಕಂಡು ತಿರುಗೂದು ಬೂಟಾ, ಬೋಟಾ?"

"ನೀವೇ ತಗೊಂಡು ಹೋದದ್ದಲ್ಲ," ಎಂದೆ, ದನಿ ಗಡುಸಾಗಿಯೇ.

"ಕತ್ಲೆಲಿ ಕಾಲು ಹಾಕ್ದೆ, ಹೋತು. ನಂದೂ ಹಾಂಗೇ ಹೋಗೂದಲ, ಗೊತ್ತಾಗ್ಲಿಲ್ಲ. ಕುಮಟೆಗೆ ಬಂದು ಬೈಕ್ ನಿಲ್ಸಿ ಕಾಲು ಊರಿದ್ರೆ, ಕಾಲು ಹೊರಗೆ ಬಂತು, ಬೂಟು ಗುಂಡಿಲಿ ಉಳೀತು. ಒಂಬತ್ತು ಯಾಕೆ ಮಾರಾಯ ನಿಂಗೆ?"

"ಎಂಟು ನೋಯುತ್ತಿತ್ತು."

"ಈಗ ಕಾಲಲ್ಲಿ ಇದ್ದದ್ದು ಎಷ್ಟು?"

"ಎಂಟು."

"ನೋಯ್ತದಾ?"

"ಇಲ್ಲ."

"ಹಾಂಗಾರೆ ನಾಳೆ ಬೆಳಿಗ್ಗೆ ನನ್ನ ಬೂಟು ತಂದುಕೊಡು. ಮತ್ತೆ ಬರಿಗಾಲಲ್ಲಿ ಬಾ, ನಿನ್ನ ಕಾಲು ಸಮಾ ನೋಡ್ಬೇಕು."

ಮರುದಿನ ಬೆಳಿಗ್ಗೆ ಕುಮಟೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಅವರು ನನ್ನನ್ನು ರಬ್ಬರ್ ಚಪ್ಪಲಿಯಲ್ಲಿ ನಡೆಸಿದರು, ಆಮೇಲೆ ನನ್ನ ಒಂಬತ್ತನೆಯ ನಂಬರಿನ ಬೂಟಿನಲ್ಲಿ ನಡೆಸಿದರು. ಚಹಾದಂಗಡಿಯವನು ಮದುವೆಗೆ ಹುಡುಗನನ್ನು ನೋಡುತ್ತಿದ್ದೀರಾ ಎಂದು ಕೇಳಿದ.

"ಎರಡ್ರಲ್ಲೂ ಒಂದೇ ನಮೂನಿ ನಡೀತಿ," ಅಂದರು ಅಣ್ಣ. "ಚಪ್ಪಲಿ ಉಂಗುಷ್ಟ ಹೆಬ್ಬೆರಳಲ್ಲಿ ಕಚ್ಚಿ ಹಿಡೀತೇವಲ, ಬಿದ್ದು ಹೋಗ್ದೇ ಇರ್ಲಿ ಅಂತ. ನೀ ಬೂಟನ್ನೂ ಬೆರಳಲ್ಲೇ ಹಿಡ್ಕಂಡು ನಡೀತಿ. ಒಳಗೆ ಹಿಡ್ಯೂಕೆ ಉಂಗುಷ್ಟ ಇಲ್ಲ. ಬೆರಳು ಬರೇ ಮುಷ್ಟಿ ಕಟ್ಟಿ ಕೂತದೆ. ಮೊದಲ ದಿವ್ಸದಿಂದ ನೋಡ್ತಿದ್ದೆ. ಹೇಳ್ವಾ ಅಂದ್ರೆ ನೀ ಚಹಾಕ್ಕೂ ಬರೂದಿಲ್ಲ."

ನಾನು ಬೂಟಿನೊಳಗೆ ಬೆರಳನ್ನು ಗಮನಿಸಿದೆ. ಹೌದು. ಸುಮ್ಮನೆ ನಿಂತಾಗಲೂ ಐದೂ ಬೆರಳು ಮಡಚಿ ನೆಲವನ್ನು ಕಚ್ಚಿಕೊಂಡಿದ್ದವು. ಬಿಡಿಸಿದರೆ ಎರಡು ಹೆಜ್ಜೆಗೆ ಮತ್ತೆ ಮಡಚಿಕೊಳ್ಳುತ್ತಿದ್ದವು. ಇಪ್ಪತ್ತು ವರ್ಷ ಚಪ್ಪಲಿ ಹಿಡಿದು ನಡೆದ ಬೆರಳಿಗೆ ಸಡಿಲ ಬೂಟು ಕೊಟ್ಟರೆ ಅದೂ ದೊಡ್ಡ ಚಪ್ಪಲಿಯೇ. ಬಾಗಿಲು ಬಾಗಿಲಲ್ಲಿ ಕಳಚಲು ಸುಲಭವಾಗಲಿ ಎಂದು ನಾವು ಸಡಿಲದ್ದನ್ನೇ ಆರಿಸುತ್ತೇವೆ. ಸಡಿಲವಾದಷ್ಟೂ ಕಾಲು ಮುಂದಕ್ಕೆ ಜಾರುತ್ತದೆ, ಬೆರಳು ಇನ್ನೂ ಗಟ್ಟಿ ಹಿಡಿಯುತ್ತದೆ, ನೋವು ಇನ್ನೂ ಹೆಚ್ಚಾಗುತ್ತದೆ, ನಾವು ಇನ್ನೂ ದೊಡ್ಡ ಬೂಟು ತರುತ್ತೇವೆ. ಬೂಟು ಹಿಡಿಯಬೇಕಾದದ್ದು ಬೆರಳಲ್ಲ, ಪಾದದ ಮೇಲ್ಭಾಗದಲ್ಲಿ ಬರುವ ಲೇಸು. ಅದು ಬಿಗಿಯಾಗಿದ್ದರೆ ಬೆರಳು ಬಿಡುವು ಪಡೆಯುತ್ತದೆ. ಚೂಪು ಬೂಟು ನನಗೆ ಬೇರೆ ಕಾರಣಕ್ಕೆ ಆಗುವುದಿಲ್ಲ, ಬೆರಳು ಹರಡಲು ಜಾಗವೇ ಇಲ್ಲ. ಅಂದರೆ ನಾನು ಒಂದು ತಪ್ಪಿನಿಂದ ಓಡಿಹೋಗಿ ಇನ್ನೊಂದು ತಪ್ಪಿನ ಮಡಿಲಲ್ಲಿ ಕೂತಿದ್ದೆ.

ಅವತ್ತೇ ಸಂಜೆ ಕೆಲಸ ಮುಗಿಸಿ, ಮನೆಗೆ ಹೋಗಿ, ಅಲ್ಲಿಂದ ಹೊನ್ನಾವರ ಪೇಟೆಯ ಒಂದು ಅಂಗಡಿಗೆ ಹೋದೆ. ಈ ಸಲ ಯಾರನ್ನೂ ನಂಬುವುದಿಲ್ಲ ಎಂದು ತೀರ್ಮಾನಿಸಿಯೇ ಹೋದೆ, ಅಣ್ಣನನ್ನು ಕೂಡ. ಇಡೀ ದಿನ ನಿಂತು ಕಾಲು ಊದಿಕೊಂಡ ಹೊತ್ತಿಗೇ ಹೋದದ್ದು ಬೇಕೆಂದೇ, ಬೆಳಗಿನ ಕಾಲು ಸುಳ್ಳು ಹೇಳುತ್ತದೆ. ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡಿದ್ದೆ, ಅಂಗಡಿಯವರು ಕೊಡುವ ತೆಳ್ಳಗಿನದಲ್ಲ. ಹಾಳೆಯ ಮೇಲೆ ನಿಂತು ಅಮ್ಮನ ಹತ್ತಿರ ಪಾದದ ಸುತ್ತ ಪೆನ್ನಿನಲ್ಲಿ ಗೆರೆ ಎಳೆಸಿಕೊಂಡು ಕತ್ತರಿಸಿ ಒಯ್ದಿದ್ದೆ. ಅದನ್ನು ಬೂಟಿನ ಅಡಿಗೆ ಹಿಡಿದು ನೋಡಿದರೆ, ಮುಕ್ಕಾಲು ಪಾಲು ಬೂಟುಗಳಲ್ಲಿ ನನ್ನ ಕಿರುಬೆರಳು ಹೊರಗೇ ಉಳಿಯುತ್ತಿತ್ತು.

ಅಂಗಡಿಯವರು ಆ ಹಾಳೆ ನೋಡಿ, "ಇದೆಂತ, ಹೊಲದ ನಕ್ಷೆಯಾ?" ಅಂದರು.

"ನನ್ನ ಪಾದ."

"ಸರ್ವೇ ಮಾಡ್ಸಿದ್ರಾ?"

ನಗಲಿ ಎಂದು ಬಿಟ್ಟೆ. ಕೊನೆಗೆ ಒಂದು ಜತೆಯ ಒಳಗೆ ಹಾಳೆಯ ಪಾದ ಪೂರ್ತಿ ಕೂತಿತು. ಅಗಲ ಮುಂಭಾಗದ, ಲೇಸಿನ ಬೂಟು. ನಂಬರ್ ಎಂಟು. ಅಲ್ಲೂ ಹಾಸಿದ್ದ ಚಾಪೆಯಿಂದ ಇಳಿದು ಅಂಗಡಿಯ ಹೊರಗಿನ ಸಿಮೆಂಟಿನ ಮೇಲೆ ನಡೆಯುತ್ತೇನೆ ಎಂದೆ. ಬೇಡ, ಅಡಿ ಗಲೀಜಾಗ್ತದೆ ಎಂದರು. ಹಾಗಾದರೆ ಬೇಡ ಎಂದೆ. ಹಾಗಾದ್ರೆ ನಡೀರಿ ಎಂದರು. ಲೇಸು ಬಿಗಿದು ಕಟ್ಟಿ ಹೆಬ್ಬೆರಳನ್ನು ಮೇಲಕ್ಕೆ ಕುಣಿಸಿದೆ, ಕುಣಿಯಿತು. ಹಿಮ್ಮಡಿ ಮೇಲೆ ಕೆಳಗೆ ಆಗಲಿಲ್ಲ. ಬರುವಾಗ ಟೇಲರ್ ಸಾಮಾನಿನ ಅಂಗಡಿಯಲ್ಲಿ ಕಪ್ಪು ಇಲಾಸ್ಟಿಕ್ಕು ತೆಗೆದುಕೊಂಡೆ. ಮನೆಯಲ್ಲಿ ಅಪ್ಪನೇ ಕೂತು ಹೆಣೆದುಕೊಟ್ಟರು, ಬಲೆಗೆ ಹಾಕುವಂಥ ಗಂಟು ಹಾಕಿ.

ಹೊಸ ಬೂಟನ್ನು ನೇರ ಇಡೀ ದಿನಕ್ಕೆ ಹಾಕಬಾರದು ಎಂದು ನನಗೂ ಗೊತ್ತು, ಆದರೆ ಮ್ಯಾನೇಜರ್ ಬಂದುಬಿಟ್ಟಿದ್ದರು. ಕುಮಟೆಯಿಂದ ಶುರು ಮಾಡಿದೆವು. ಮೊದಲ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಅವರು ಬಗ್ಗಿ ಲೇಸು ಬಿಚ್ಚುವಷ್ಟರಲ್ಲಿ ನಾನು ಒಳಗಿದ್ದೆ. ಅವರು ನನ್ನ ಕಾಲಿನ ಕಡೆ ಒಂದು ನೋಟ ಬಿಟ್ಟು ಮತ್ತೆ ತಮ್ಮ ಲೇಸಿಗೆ ಬಗ್ಗಿದರು. ಹೊನ್ನಾವರಕ್ಕೆ ಬರುವಾಗ ಧೈರ್ಯ ಮಾಡಿ ನಾನೇ ಕೇಳಿದೆ, ಚಪ್ಪಲಿಯ ವಿಷಯ ಹೇಳಿದವರು ಯಾರು ಎಂದು.

"ಯಾರು ಹೇಳ್ತಾರ? ದಿನಾ ಕಂಪನಿ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕ್ತೀರಲ್ಲ ನೀವು. ಅವತ್ತು ಕ್ಲಿನಿಕ್ಕಿನ ಮುಂದ ನಿಂತು ಉದ್ದುದ್ದ ತೆಗಿಸಿಕೊಂಡು ನೀನೇ ಹಾಕಿದಿ. ತಲಿಯಿಂದ ಕಾಲಿನ ತನಕ."

ಸಿಸ್ಟರ್, ಚಹಾದಂಗಡಿಯವನು, ಕಾಗಾಲದ ಅಣ್ಣ, ಎಲ್ಲರೂ ಉಳಿದ ದಾರಿಯಲ್ಲಿ ಒಬ್ಬೊಬ್ಬರಾಗಿ ಮನಸ್ಸಿನ ಎದುರು ಬಂದು ಹೋದರು.

ಭಟ್ಕಳದ ಕೊನೆಯ ಕ್ಲಿನಿಕ್ಕು ಮುಗಿಯುವಾಗ ಕತ್ತಲಾಗಿತ್ತು. ಮ್ಯಾನೇಜರ್ ಮೆಟ್ಟಿಲ ಮೇಲೆ ಕೂತರು, ಎಡಗಾಲಿನ ಬೂಟು ಹಾಕಲು ಹೋಗಿ ಹಾಗೇ ನಿಲ್ಲಿಸಿದರು. ಕಾಲುಚೀಲದ ಮೇಲಿಂದಲೇ ಬೆರಳು ಒತ್ತಿಕೊಂಡರು.

"ನಿನಗ ಎಲ್ಲಾದರ ನೋವು ಐತೇನು?"

"ಸ್ವಲ್ಪ ಕಿರುಬೆರಳಲ್ಲಿ, ಸರ್." ನಿಜವನ್ನೇ ಹೇಳಿದೆ.

"ಬೆಳಿಗ್ಗಿಂದ ನೋಡಾಕತ್ತೀನಿ, ಲೇಸು ಬಿಚ್ಚಂಗಿಲ್ಲ, ಕಟ್ಟಂಗಿಲ್ಲ. ಇಲ್ಲಿ ತಾ." ಇಲಾಸ್ಟಿಕ್ಕನ್ನು ಬೆರಳಿನಿಂದ ಎಳೆದು ಬಿಟ್ಟರು. ಅದು ಟಪ್ ಎಂದಿತು. ನನ್ನ ಎದೆಯೂ ಹಾಗೇ ಎಂದಿತು. "ಇದು ಫಾರ್ಮಲ್ ಏನಪಾ? ಕಂಪನಿ ಒಪ್ಪತೈತೇನು?"

"ಹೊರಗಿಂದ ಕಾಣುವುದಿಲ್ಲವಲ್ಲ, ಸರ್."

ಅವರು ಬೂಟನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಇವತ್ತು ನೀ ಕುಂಟಿದ್ದರ ನಾ ಬ್ಯಾರೆ ಮಾತಾಡವ ಇದ್ದೆ," ಎಂದು ಬೂಟನ್ನು ಕೆಳಗಿಟ್ಟರು. "ಡಾಕ್ಟರ ಮುಂದ ಚಲೋ ಮಾತಾಡ್ತಿ. ಕೆಲಸ ಮಾಡ್ಕೊಂಡು ಹೋಗು, ನಿಂದು ಕನ್ಫರ್ಮ್ ಆತು ಅಂತ ತಿಳ್ಕೊ. ಮತ್ತ ಈ ದಾರ ಎಲ್ಲಿ ಸಿಗತೈತಿ?"

ಪೇಟೆಯ ಅಂಗಡಿ ಮುಚ್ಚುವ ಮೊದಲು ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಕೊಡಿಸಿದೆ. ನನ್ನನ್ನು ಇಟ್ಟುಕೊಂಡದ್ದು ಮಾತಿಗೋ ಇಲಾಸ್ಟಿಕ್ಕಿಗೋ ಎಂಬ ಅನುಮಾನ ನನಗೆ ಇನ್ನೂ ಪೂರ್ತಿ ಹೋಗಿಲ್ಲ.

ಆದರೂ ಎಲ್ಲ ಸರಿಹೋಯಿತು ಎಂದು ಹೇಳಿದರೆ ನಾನೂ ಅಂಗಡಿಯವರ ಹಾಗೇ ಆಗುತ್ತೇನೆ. ಬಲಗಾಲಿನ ಕಿರುಬೆರಳು ಸಂಜೆಯಾದರೆ ಈಗಲೂ ಗೊಣಗುತ್ತದೆ. ಯೋಚನೆಯಲ್ಲಿದ್ದಾಗ ಬೆರಳುಗಳು ಈಗಲೂ ಮುಷ್ಟಿ ಕಟ್ಟುತ್ತವೆ, ಬೆಂಚಿನಲ್ಲಿ ಕೂತಾಗೆಲ್ಲ ಬಿಡಿಸಿಕೊಳ್ಳುತ್ತೇನೆ. ಇದಕ್ಕಿಂತ ಅಗಲದ ಬೂಟು ಸಿಕ್ಕರೆ ಇನ್ನೂ ಒಳ್ಳೆಯದಿತ್ತು, ಹುಡುಕುತ್ತಿದ್ದೇನೆ.

ನೀವೂ ಬ್ಯಾಂಕಿನಲ್ಲೋ ಶಾಲೆಯಲ್ಲೋ ಹೋಟೆಲಿನ ಕೌಂಟರಿನಲ್ಲೋ ಇಡೀ ದಿನ ನಿಲ್ಲುವವರಾಗಿದ್ದರೆ, ಚಪ್ಪಲಿಯಲ್ಲಿ ಬೆಳೆದು ಬೂಟಿಗೆ ಬಂದ ಕಾಲು ನಿಮ್ಮದಾಗಿದ್ದರೆ, ನಿಮ್ಮದು ಎಲ್ಲಿ ನೋಯುತ್ತಿತ್ತು, ಏನು ಮಾಡಿದಿರಿ ಎಂದು ಕೆಳಗೆ ಬರೆಯಿರಿ. ಹೆಂಗಸರ ಬೂಟಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಗೊತ್ತಿದ್ದವರು ಖಂಡಿತ ಹೇಳಿ. ಭಟ್ಕಳದಿಂದ ಕುಮಟೆಯವರೆಗೆ ಮುಂದುಗಡೆ ನಿಜವಾಗಿ ಅಗಲ ಇರುವ ಬೂಟು ಕಂಡಿದ್ದರೆ ಅದನ್ನೂ ಬರೆಯಿರಿ. ಒಂದು ವಿನಂತಿ ಮಾತ್ರ, ಹಾಕಿ ನಡೆದು ನೋಡಿದವರೇ ಬರೆಯಿರಿ. ಕೇಳಿದ್ದನ್ನು ಬರೆದರೆ ನಾನು ನಂಬುವುದಿಲ್ಲ.